ಜಗಲಿ ಮೇಲೆ ಸುಮ್ಮನೆ ಕೂರಲು ಒಬ್ಬ ಹೀರೋ ಬೇಕಾಗಿದ್ದಾರೆ

ಸುದ್ದಿ ನಿಮಗೂ ಮುಟ್ಟಿರುತ್ತದೆ. ನಮ್ಮ ಕಡೆಯ ಆ ಕಾದಂಬರಿ ಕೊನೆಗೂ ಸಿನಿಮಾ ಆಗುತ್ತಿದೆ. ಕತೆ ನಿಮಗೆ ಗೊತ್ತೇ ಇದೆ, ಅಥವಾ ಗೊತ್ತಿದೆ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೀರಿ. ರಿಟೈರ್ ಆದ ಮಾಸ್ತರರೊಬ್ಬರು ಮುನ್ನೂರು ಚಿಲ್ಲರೆ ಪುಟ ಜಗಲಿಯ ಮೇಲೆ ಕೂತಿರುತ್ತಾರೆ. ನಡುವೆ ಎರಡು ಸಲ ಎದ್ದು ತೋಟಕ್ಕೆ ಹೋಗುತ್ತಾರೆ. ಒಂದು ಸಲ ದೋಣಿ ಹತ್ತುತ್ತಾರೆ. ಉಳಿದಷ್ಟು ಹೊತ್ತೂ, ನಾನು ಬದುಕಿದ್ದು ನನ್ನ ಬದುಕನ್ನೋ ಬೇರೆ ಯಾರದ್ದೋ ಅಂತ ಯೋಚಿಸುತ್ತಾರೆ. ಅಷ್ಟೇ.

ಆ ಮಾಸ್ತರರ ಪಾತ್ರಕ್ಕೆ ಯಾರನ್ನು ಹಾಕಿದ್ದಾರೆ ಅನ್ನುವುದೂ ಗೊತ್ತಾಯಿತಲ್ಲ? ಹೋದ ಸಿನಿಮಾದಲ್ಲಿ ಒಂದೇ ಕೈಯಲ್ಲಿ ಜೆಸಿಬಿ ತಡೆದು ನಿಲ್ಲಿಸಿದರಲ್ಲ, ಅವರನ್ನೇ.

ನಾನು ಬಯ್ಯುವುದಕ್ಕೆ ಹೊರಟವನಲ್ಲ. ಮನುಷ್ಯ ಪಟ್ಟ ಶ್ರಮವನ್ನು ಮೆಚ್ಚಲೇಬೇಕು. ಪಾತ್ರಕ್ಕಾಗಿ ಹನ್ನೆರಡು ಕೆಜಿ ಇಳಿಸಿದ್ದಾರಂತೆ. ಒಂದು ಪುಸ್ತಕ ಓದುವುದಕ್ಕಿಂತ ಹನ್ನೆರಡು ಕೆಜಿ ಇಳಿಸುವುದು ಎಷ್ಟೋ ಕಷ್ಟ. ಸುಲಭದ್ದನ್ನು ಬಿಟ್ಟು ಕಷ್ಟದ್ದನ್ನೇ ಆರಿಸಿಕೊಂಡರು ನೋಡಿ, ಅದು ದೊಡ್ಡತನ. ಜೊತೆಗೆ ಗಡ್ಡವನ್ನೂ ಬಿಟ್ಟಿದ್ದಾರೆ. ನಮ್ಮ ಸಿನಿಮಾಗಳಲ್ಲಿ ಯೋಚನೆ ಬೆಳೆಯುವುದು ಗಡ್ಡದಲ್ಲೇ. ಹುಡುಗಿ ಕೈಕೊಟ್ಟರೆ ಒಂದು ಇಂಚು, ವೇದಾಂತಕ್ಕಾದರೆ ಮೂರು. ಕಾದಂಬರಿಯ ಮಾಸ್ತರರು ಎರಡು ದಿನಕ್ಕೊಮ್ಮೆ ಕಂಬಕ್ಕೆ ಕನ್ನಡಿ ಸಿಕ್ಕಿಸಿಕೊಂಡು ಗಡ್ಡ ಕೆರೆದುಕೊಳ್ಳುವವರು. ಆ ಕನ್ನಡಿಯಲ್ಲಿ ಕಾಣುವವ ಯಾರು ಅಂತಲೇ ಒಂದು ಇಡೀ ಅಧ್ಯಾಯ ಇದೆ. ಅಧ್ಯಾಯ ಹೋಯಿತು, ಗಡ್ಡ ಉಳಿಯಿತು.

ಶಿರಸಿ ಪೇಟೆಯಲ್ಲಿ ಈಗ ಅಡಕೆ ರೇಟು ಬಿಟ್ಟರೆ ಇದೇ ಮಾತು. ಚಾ ಅಂಗಡಿಯಲ್ಲಿ ಕೂತವರೆಲ್ಲ ಡೈರೆಕ್ಟರುಗಳೇ. ಒಬ್ಬ ಒಂದು ಹೆಸರು ಹೇಳಿದರೆ ಇನ್ನೊಬ್ಬ, ಛೇ, ಅವನ ಮೂಗು ಸರಿಯಿಲ್ಲ ಅನ್ನುತ್ತಾನೆ. ಮೂಗಿಗೂ ಮಾಸ್ತರರ ಸಂಕಟಕ್ಕೂ ಏನು ಸಂಬಂಧ ಅಂತ ಕೇಳಬೇಡಿ, ವಾದ ಬೆಳೆಯುತ್ತದೆ. ಕೊನೆಗೆ ಮೂಲೆಯಿಂದ ಯಾರಾದರೂ, ಅಣ್ಣಾವ್ರು ಇದ್ದಿದ್ದರೆ ಅಂದುಬಿಡುತ್ತಾರೆ. ಎಲ್ಲರೂ ಹೌದು ಹೌದು ಅಂತ ತಲೆ ಆಡಿಸಿ, ಚಾದ ದುಡ್ಡು ಕೊಟ್ಟು ಎದ್ದು ಹೋಗುತ್ತಾರೆ. ಕನ್ನಡದಲ್ಲಿ ಪಾತ್ರ ಹಂಚಿಕೆಯ ಯಾವ ಜಗಳವೂ ಇದಕ್ಕಿಂತ ಮುಂದೆ ಹೋಗಿದ್ದನ್ನು ನಾನು ನೋಡಿಲ್ಲ.

ಹಾಗಂತ ಇಂಥ ಕಾದಂಬರಿಗಳಿಗೆ ಸರಿಯಾದ ಮುಖ ಸಿಕ್ಕೇ ಇಲ್ಲ ಅಂತಲ್ಲ. 1970ರಲ್ಲಿ 'ಸಂಸ್ಕಾರ' ಕಾದಂಬರಿ ಸಿನಿಮಾ ಆಗಿ ಬಂತು. ಅದರಲ್ಲಿ ಪ್ರಾಣೇಶಾಚಾರ್ಯ ಆದವರು ಗಿರೀಶ ಕಾರ್ನಾಡರು. ನಮ್ಮ ಶಿರಸಿಯಲ್ಲೇ ಬೆಳೆದವರು ಅಂತ ಇಲ್ಲಿ ಈಗಲೂ ಹೆಮ್ಮೆಯಿಂದ ಹೇಳುತ್ತೇವೆ, ಅವರ ನಾಟಕ ಓದದವರು ಸ್ವಲ್ಪ ಜಾಸ್ತಿ ಹೆಮ್ಮೆಯಿಂದ. ಆ ಸಿನಿಮಾದ ತಂಡ ನೋಡಿ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಕವಿ. ನಾರಣಪ್ಪ ಆದ ಲಂಕೇಶರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಚಿತ್ರಕತೆಯನ್ನು ಬರೆದವರೂ ಕಾರ್ನಾಡರೇ. ಅಂದರೆ ಪಾತ್ರ ಮಾಡುವವರು ಪುಸ್ತಕವನ್ನು ಓದಿದ್ದರು! ಈ ಹಳೇ ಕಾಲದ ಮೂಢನಂಬಿಕೆ ಈಗ ಹೋಗಿದೆ, ಬಿಡಿ. ಸೆನ್ಸಾರ್‌ನವರು ಮೊದಲು ತಡೆದರು, ಆಮೇಲೆ ಅದಕ್ಕೇ ದೇಶದ ಅತ್ಯುತ್ತಮ ಚಿತ್ರದ ಪ್ರಶಸ್ತಿ ಬಂತು. ಯಾರೂ ಒಂದು ಕೆಜಿಯನ್ನೂ ಇಳಿಸಿದ ದಾಖಲೆ ಇಲ್ಲ.

ಸರಿ, ಸಿನಿಮಾದ ಮಾತು ಪಕ್ಕಕ್ಕಿಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಪಾತ್ರಕ್ಕೆ ಜನ ಆರಿಸುವ ಒಂದು ವಿದ್ಯೆ ಮೊದಲಿನಿಂದ ಇದೆ. ತಾಳಮದ್ದಳೆ. ವೇಷ ಇಲ್ಲ, ಬಣ್ಣ ಇಲ್ಲ, ಗೆಜ್ಜೆ ಇಲ್ಲ. ಭಾಗವತರು ಪದ ಹೇಳುತ್ತಾರೆ, ಪಂಚೆ ಉಟ್ಟು ಶಾಲು ಹೊದ್ದವರು ಎದುರುಬದುರು ಕೂತು ಅರ್ಥ ಹೇಳುತ್ತಾರೆ. ನಾನು ಚಿಕ್ಕವನಿದ್ದಾಗ ನಮ್ಮೂರ ದೇವಸ್ಥಾನದಲ್ಲಿ ವಾಲಿ ವಧೆ ಆಗಿತ್ತು. ವಾಲಿ ಆದವರು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದ ಭಟ್ಟರು. ಬಡಕಲು ಮೈ, ದಪ್ಪ ಕನ್ನಡಕ, ಎಡಗೈಗೆ ಬ್ಯಾಂಡೇಜು ಬೇರೆ. ಹಿಂದಿನ ದಿನ ಅಡಕೆ ಸುಲಿಯುವಾಗ ಕತ್ತಿ ತಾಗಿತ್ತು. ರಾವಣನನ್ನು ಕಂಕುಳಲ್ಲಿ ಇರುಕಿಕೊಂಡು ನಾಲ್ಕು ಸಮುದ್ರ ಸುತ್ತಿದ ವಾಲಿ ಇವನೇ ಅಂದರೆ ನಂಬಬೇಕು. ನಂಬಿದೆವು! ಬಾಣ ತಾಗಿ ಬಿದ್ದ ಮೇಲೆ ಭಟ್ಟರು, ಖುರ್ಚಿಯಲ್ಲೇ ಕೂತುಕೊಂಡು, ಒಂದು ಗಂಟೆ ರಾಮನನ್ನು ಪ್ರಶ್ನೆ ಕೇಳಿದರು. ಮರೆಯಲ್ಲಿ ನಿಂತು ಹೊಡೆದೆಯಲ್ಲ, ಯಾಕೆ? ನಡುವೆ ಕನ್ನಡಕ ತೆಗೆದು ಪಂಚೆ ಅಂಚಿನಲ್ಲಿ ಒರೆಸಿಕೊಂಡರು. ಒರೆಸುವಾಗ ಮಾತು ನಿಂತಿತ್ತು. ದೇವಸ್ಥಾನದಲ್ಲಿ ಒಂದು ಕೆಮ್ಮೂ ಇಲ್ಲ. ಸಾಯುತ್ತಿರುವ ವಾಲಿ ಕನ್ನಡಕ ಒರೆಸುವುದು ಸಹಜ ಅಂತಲೇ ನನಗೆ ಇವತ್ತಿಗೂ ಅನಿಸುತ್ತದೆ. ರಾಮ ಆದವರು ಪಕ್ಕದೂರಿನ ದೊಡ್ಡ ವಾಗ್ಮಿ. ಅವತ್ತು ಅವರಿಗೆ ಉತ್ತರ ಹೊಳೆಯದೆ ಭಾಗವತರ ಮುಖ ನೋಡಿದರು, ಭಾಗವತರು ದಯೆಯಿಂದ ಮುಂದಿನ ಪದ ಎತ್ತಿಕೊಂಡರು.

ವೇಷ ಕಟ್ಟಿ ಕುಣಿಯುವ ಯಕ್ಷಗಾನದ ಆಟದಲ್ಲೂ ಅಷ್ಟೇ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ವಯಸ್ಸು ಎಪ್ಪತ್ತು ದಾಟಿದ ಮೇಲೂ ಕೀಚಕ ಆಗಿ ರಂಗಕ್ಕೆ ಬರುತ್ತಿದ್ದರು. ಕೀಚಕನಿಗೆ ಪ್ರಾಯ ಹೆಚ್ಚಾಯಿತು ಅಂತ ಯಾರೂ ಎದ್ದು ಹೋಗಲಿಲ್ಲ. ಕೂತ ಎಷ್ಟೋ ಜನ ಬೆಳಗಾದರೂ ಏಳಲಿಲ್ಲ.

ಎಲ್ಲಿದ್ದೆ? ಹಾಂ, ಹೀರೋ. ಅವರಿಗೆ ಕವಳ, ಅಂದರೆ ತಂಬಾಕು ಸೇರಿಸಿದ ಎಲೆ-ಅಡಕೆ, ಹಾಕುವುದನ್ನು ಕಲಿಸಬೇಕು ಅಂತ ನಮ್ಮ ಪಕ್ಕದ ಮನೆಯ ಅಜ್ಜನ ಹತ್ತಿರ ಕರೆತಂದಿದ್ದರು. ಶೂಟಿಂಗೂ ಅದೇ ಮನೆಯ ಜಗಲಿಯಲ್ಲಿ. ಕಾದಂಬರಿಯ ಊರು ಇರುವುದು ಘಟ್ಟದ ಕೆಳಗೆ. ಆದರೆ ಕೆಳಗೆ ಸೆಕೆ, ಬೆವರಿದರೆ ಮೇಕಪ್ ಇಳಿಯುತ್ತದೆ. ಹಾಗಾಗಿ ಊರನ್ನೇ ಘಟ್ಟ ಹತ್ತಿಸಿದ್ದಾರೆ.

ಅಜ್ಜ ಕವಳ ಹಾಕುವುದನ್ನು ನೋಡಬೇಕು. ಮೊದಲು ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಎಲೆಗಳಲ್ಲಿ ಒಂದನ್ನು ಎತ್ತಿ, ನೋಡಿ, ಬೇಡ ಅಂತ ಇಟ್ಟು, ಇನ್ನೊಂದು ತೆಗೆಯುತ್ತಾರೆ. ತೊಡೆಯ ಮೇಲೆ ಪಂಚೆಗೆ ಒರೆಸುತ್ತಾರೆ. ತೊಟ್ಟು ಮುರಿಯುತ್ತಾರೆ, ತುದಿ ಚಿವುಟುತ್ತಾರೆ, ಹಿಂಬದಿಯ ನಾರನ್ನು ಉಗುರಿನಲ್ಲಿ ಎಳೆಯುತ್ತಾರೆ. ಆಮೇಲೆ ತೋರುಬೆರಳಲ್ಲಿ ಇಷ್ಟೇ ಇಷ್ಟು ಸುಣ್ಣ. ಸುಣ್ಣ ಹಚ್ಚುವಾಗ ಬೆರಳು ಅರ್ಧಕ್ಕೆ ನಿಲ್ಲುತ್ತದೆ. ಅಜ್ಜ ಅಂಗಳದ ಕಡೆ ನೋಡುತ್ತಾರೆ. ಅಲ್ಲಿ ಏನೂ ಇರುವುದಿಲ್ಲ. ಬೆರಳು ಮತ್ತೆ ಹೊರಡುತ್ತದೆ. ಆ ನಿಂತ ಬೆರಳಿನಲ್ಲಿ ಇದೆ ಸ್ವಾಮೀ ನಿಮ್ಮ ಕಾದಂಬರಿ! ಅದಕ್ಕೆ ಡೈಲಾಗು ಬೇಡ, ಹಿನ್ನೆಲೆಗೆ ಕೊಳಲೂ ಬೇಡ.

ನಮ್ಮ ಹೀರೋ ಎಲೆಯ ಮೇಲೆ ಬ್ರೆಡ್ಡಿಗೆ ಬೆಣ್ಣೆ ಬಳಿದ ಹಾಗೆ ಸುಣ್ಣ ಬಳಿದರು. ಬಾಯಿಗೆ ಹಾಕಿಕೊಂಡರು. ಆಮೇಲೆ ನಡೆದದ್ದು ಮಾತ್ರ ಅಪ್ಪಟ ಅಭಿನಯ. ಇಬ್ಬರು ಅಸಿಸ್ಟೆಂಟರು ನೀರು ತಂದರು, ಒಬ್ಬ ಫ್ಯಾನ್ ಹಿಡಿದ. ಕೊನೆಗೆ ಕವಳವನ್ನೇ ಕತೆಯಿಂದ ತೆಗೆದರು. ಕಾರಣ ನಾಲಿಗೆ ಅಲ್ಲವಂತೆ, ಕಾನೂನು ಅಂತೆ. 2012ರಿಂದ ತೆರೆಯ ಮೇಲೆ ತಂಬಾಕು ಬಂದಾಗೆಲ್ಲ ಕೆಳಗೆ ಎಚ್ಚರಿಕೆ ಹಾಕಬೇಕಲ್ಲ. ಮಾಸ್ತರರೋ ಪ್ರತಿ ಪುಟದಲ್ಲೂ ಕವಳ ಹಾಕುವವರು. ಸಾವು ಅಂದರೇನು ಅಂತ ಅವರು ಮೇಲೆ ಯೋಚಿಸುತ್ತ ಕೂತರೆ, ಕೆಳಗೆ ತಂಬಾಕಿನಿಂದ ಸಾವು ಅಂತ ಉತ್ತರ ಬಂದುಬಿಡುತ್ತದೆ. ಲೇಖಕರು ಮುನ್ನೂರು ಪುಟ ತಡಕಾಡಿದ್ದನ್ನು ಸರ್ಕಾರ ಒಂದೇ ಸಾಲಿನಲ್ಲಿ ಮುಗಿಸಿದಂತಾಗುತ್ತದೆ. ಹಾಗಾಗಿ ಈಗ ಮಾಸ್ತರರು ಗ್ರೀನ್ ಟೀ ಕುಡಿಯುತ್ತಾರೆ.

ಕೂತು ಯೋಚಿಸುವುದೂ ಬೋರು ಅಂತ ಅವರನ್ನು ಎಬ್ಬಿಸಿ ಊರೂರು ತಿರುಗಿಸಲಾಗುತ್ತಿದೆ. ಓಂ ಬೀಚಿನಲ್ಲಿ ನಿಂತು ಒಮ್ಮೆ ಯೋಚಿಸುತ್ತಾರೆ, ಕಾರವಾರದ ಕಡಲ ತೀರದಲ್ಲಿ ಒಮ್ಮೆ, ಯಾಣದ ಬಂಡೆ ಕೆಳಗೆ ಒಮ್ಮೆ. ಮೇಲೆ ಡ್ರೋನ್. ಅದರ ಗುಂಯ್ ಶಬ್ದಕ್ಕೆ ಹೆಜ್ಜೇನು ಎದ್ದರೆ ಅಸ್ತಿತ್ವದ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಅಂತ ನಮ್ಮ ಹಿರಿಯರು ಹೇಳಿದ್ದು. ಎರಡೂ ಇದ್ದವ ಎಲ್ಲಿಗೆ ಹೋಗಬೇಕು ಅಂತ ಅವರು ಹೇಳಿರಲಿಲ್ಲ.

ಭಾಷೆಯ ಕೋಚ್ ಒಬ್ಬರು ಬಂದಿದ್ದಾರೆ, ಬೆಂಗಳೂರಿನಿಂದಲೇ. ಒಂದು ಹೊಳೆ ದಾಟಿದರೆ ಮಾತು ಬದಲಾಗುವ ಜಿಲ್ಲೆ ಇದು. ಹವ್ಯಕರದು ಒಂದು, ಹಾಲಕ್ಕಿಗಳದು ಒಂದು, ನಾಡವರದು ಇನ್ನೊಂದು, ನಡುವೆ ಕೊಂಕಣಿ. ಕೋಚ್ ಇವಿಷ್ಟನ್ನೂ ಒಟ್ಟು ಹಾಕಿ, ಸಾಲಿನ ಕೊನೆಗೆ ಒಂದು 'ಮಾರ್ರೆ' ಸಿಕ್ಕಿಸಿದ್ದಾರೆ. 'ನಾನು ಯಾರು ಮಾರ್ರೆ?' ಇದು ಟ್ರೇಲರಿನ ಡೈಲಾಗು. ನಮ್ಮೂರ ಮಕ್ಕಳು ಈಗಲೇ ಬಸ್ಸಿನಲ್ಲಿ ಹೇಳಿಕೊಂಡು ನಗುತ್ತಿವೆ.

ಇಷ್ಟೂ ನಗುವಂಥದ್ದೇ. ಆದರೆ ದೋಣಿಯ ದೃಶ್ಯದ ವಿಷಯಕ್ಕೆ ನನಗೆ ನಗು ಬರಲಿಲ್ಲ.

ಕಾದಂಬರಿಯ ನಡು ಇರುವುದೇ ಅಲ್ಲಿ. ಮಾಸ್ತರರ ಹೆಂಡತಿಗೆ ರಾತ್ರಿ ಹೊತ್ತು ಕಾಯಿಲೆ ಜೋರಾಗುತ್ತದೆ. ಆಸ್ಪತ್ರೆಗೆ ಅಂತ ದೋಣಿಯಲ್ಲಿ ಮಲಗಿಸಿಕೊಂಡು ಹೊರಡುತ್ತಾರೆ. ಅವಳು ಹೊಳೆಯ ನಡುವೆಯೇ ಹೋಗಿಬಿಡುತ್ತಾಳೆ. ಆಚೆ ದಡಕ್ಕೆ ಹೋಗುವುದೋ, ತಿರುಗಿ ಬರುವುದೋ? ದೋಣಿಯವ ಕೇಳುತ್ತಾನೆ, ಮಾಸ್ತರರಿಗೆ ಉತ್ತರ ಬರುವುದಿಲ್ಲ. ಮುಂದಿನ ಇನ್ನೂರು ಪುಟ ಅವರು ಕೂತಿರುವುದು ಆ ಉತ್ತರಕ್ಕೆ.

ಇದು ಹಳೇ ಕಾಲದ್ದಾಯಿತು, ಈಗಿನವರಿಗೆ ಕನೆಕ್ಟ್ ಆಗುವುದಿಲ್ಲ, ಅಪ್‌ಡೇಟ್ ಮಾಡಿದ್ದೇವೆ ಅಂದರು. ಹೆಂಡತಿ ಈಗ ಜಿಲ್ಲೆಯಲ್ಲೇ ಒಂದು ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ಸಾಯುತ್ತಾಳಂತೆ. ಅದಕ್ಕಾಗಿ ಸೆಟ್ ಹಾಕುತ್ತಾರಂತೆ.

ಹಾಕಿ ಸ್ವಾಮೀ. ಸೆಟ್ಟೇ ಹಾಕಬೇಕು, ಇನ್ನೆಲ್ಲಿ ಹುಡುಕುತ್ತೀರಿ? ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಈ ಜಿಲ್ಲೆ ಕೇಳುತ್ತಲೇ ಬಂದಿದೆ. ಕೈ ಮುಗಿದು ಕೇಳಿದ್ದಾಯಿತು, ಬೀದಿಗಿಳಿದು ಕೇಳಿದ್ದಾಯಿತು. ತಲೆಗೆ ಪೆಟ್ಟು ಬಿದ್ದರೆ, ಎದೆ ಹಿಡಿದುಕೊಂಡರೆ, ಕರಾವಳಿಯವರು ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಓಡಬೇಕು. ನಾವು ಘಟ್ಟದ ಮೇಲಿನವರು ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿದ್ದನ್ನು ಇಡೀ ರಾಜ್ಯ ಮೊಬೈಲಿನಲ್ಲಿ ನೋಡಿತು, ಫಾರ್ವರ್ಡ್ ಮಾಡಿತು. ದೋಣಿ ಹೋಗಿ ಆಂಬುಲೆನ್ಸ್ ಬಂದಿದೆ, ಅಷ್ಟೇ ಅಪ್‌ಡೇಟು. ದಾರಿಯ ನಡುವೆ ಜೀವ ಹೋದಾಗ, ಮುಂದಕ್ಕೋ ಹಿಂದಕ್ಕೋ ಅಂತ ಡ್ರೈವರ್ ಈಗಲೂ ಕೇಳುತ್ತಾನೆ. ನಮ್ಮ ಮನೆಯ ವಿಷಯದಲ್ಲೂ ಕೇಳಿದ್ದ. ಯಲ್ಲಾಪುರ ದಾಟಿದ ಮೇಲೆ. ಇಡೀ ಪುಸ್ತಕದಲ್ಲಿ ಹಳತಾಗದ ಒಂದೇ ದೃಶ್ಯ ಇದ್ದಿದ್ದು, ಅದನ್ನೇ ಹಳತು ಅಂತ ತೆಗೆದರು.

ಇರಲಿ.

ಮೊನ್ನೆ ಪಕ್ಕದ ಮನೆಯಲ್ಲಿ ಮೊದಲ ದಿನದ ಶೂಟಿಂಗ್. ಸ್ಥಳೀಯ ಕಲಾವಿದರಿಗೂ ಅವಕಾಶ ಕೊಟ್ಟಿದ್ದಾರೆ, ಹಾಗೆಲ್ಲ ಅನ್ಯಾಯ ಮಾಡುವವರಲ್ಲ. ಮೂವತ್ತು ವರ್ಷ ಅರ್ಥ ಹೇಳಿದ ಒಬ್ಬರಿಗೆ ಹೆಣ ಹೊರುವ ಪಾತ್ರ. ಕಾದಂಬರಿಯನ್ನು ಬಾಯಿಪಾಠ ಒಪ್ಪಿಸುವ ನಮ್ಮ ಹೈಸ್ಕೂಲಿನ ಅಕ್ಕೋರಿಗೆ ಗುಂಪಿನಲ್ಲಿ ನಿಲ್ಲುವ ಪಾತ್ರ, ಅದೂ ಬೆನ್ನು ಮಾತ್ರ. ಹೀರೋ ಜಗಲಿಯಲ್ಲಿ ಕೂತರು. ಕೂತವರು ಒಂದೇ ಸಮ ಏನಾದರೊಂದು ಮಾಡುತ್ತಿದ್ದರು. ಹುಬ್ಬು ಗಂಟಿಕ್ಕುವುದು, ಕಣ್ಣು ಮುಚ್ಚುವುದು, ದವಡೆ ಬಿಗಿಯುವುದು, ನಿಟ್ಟುಸಿರು, ಮತ್ತೆ ಹುಬ್ಬು. ಡೈರೆಕ್ಟರು ಮಾನಿಟರಿನ ಹಿಂದೆ ಕಣ್ಣೀರು ಒರೆಸಿಕೊಂಡರು.

ಅಜ್ಜ ಅವರದೇ ಜಾಗದಲ್ಲಿ, ಕಂಬಕ್ಕೆ ಒರಗಿ, ಎಂದಿನಂತೆ ಕೂತಿದ್ದರು. 'ಅಜ್ಜಾ, ಸ್ವಲ್ಪ ಆ ಕಡೆ ಹೋಗಿ, ಫ್ರೇಮಿಗೆ ಬರ್ತಾ ಇದೀರಿ' ಅಂದ ಒಬ್ಬ. ಅಜ್ಜ ಬಟ್ಟಲು ಎತ್ತಿಕೊಂಡು ಎದ್ದರು. ನನ್ನ ಪಕ್ಕಕ್ಕೆ ಬಂದು ಕೂತು, ಸ್ವಲ್ಪ ಹೊತ್ತು ಹೀರೋನನ್ನೇ ನೋಡಿದರು.

'ತಮಾ, ಆ ಮಾಣಿಗೆ ಎಂತ ಆಯ್ದು? ಹೊಟ್ಟೆನೋವನಾ?'

ನಾನು ಉತ್ತರ ಕೊಡುವ ಮೊದಲೇ ಅಜ್ಜಿಗೆ ಕೇಳಿಸಿತ್ತು. ಒಳಗೆ ಹೋಗಿ ಒಂದು ಲೋಟ ಜೀರಿಗೆ ಕಷಾಯ ಮಾಡಿಕೊಂಡು, ಬಿಸಿಗೆ ಸೆರಗಿನಲ್ಲಿ ಹಿಡಿದು ತಂದರು. ಜಗಲಿಗೆ ಕಾಲಿಡುವಷ್ಟರಲ್ಲಿ ಕರಿ ಟೀಶರ್ಟಿನ ಹುಡುಗನೊಬ್ಬ ಅಡ್ಡ ಕೈ ಹಿಡಿದ. ಅವರದೇ ಮನೆ, ಅವರದೇ ಹೊಸ್ತಿಲು.

'ಅಮ್ಮಾ, ಐಡಿ ಕಾರ್ಡ್ ಎಲ್ಲಿ?'