ಹೆಂಗಸರ ಮಾತನ್ನು ಕಿತ್ತುಕೊಂಡ ಸಂವಿಧಾನ

ನಿನ್ನೆ ಸಂಜೆ ಇಲ್ಲಿ ಅಮೆರಿಕದ ಒಕ್ಲಹೋಮ ರಾಜ್ಯದ ಟಲ್ಸಾದಲ್ಲಿ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ಭಾಷಣಕಾರರು 2022ರ 25 ಸೆಂಟಿನ ನಾಣ್ಯವನ್ನು ಎತ್ತಿ ಹಿಡಿದು, ಅದರ ಮೇಲಿನ, ಅಮೆರಿಕದ ಮೂಲನಿವಾಸಿಗಳಾದ ಚೆರೋಕೀ ಜನರ ಮುಖ್ಯಸ್ಥೆಯಾಗಿದ್ದ ವಿಲ್ಮಾ ಮ್ಯಾನ್‌ಕಿಲ್ಲರ್ ಅವರನ್ನು ತೋರಿಸಿ, ಚೆರೋಕೀ ಹೆಂಗಸರಿಗೆ ನಾಯಕತ್ವದ ಬಾಗಿಲು ತೆರೆದದ್ದು ಆಧುನಿಕ ಆಡಳಿತ ಎಂದರು. ಸಭೆ ಚಪ್ಪಾಳೆ ತಟ್ಟಿತು. ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ, ಏಕೆಂದರೆ ಆ ಬಾಗಿಲನ್ನು ಮುಚ್ಚಿದ್ದೇ ಆಧುನಿಕ ಆಡಳಿತ.

ಚೆರೋಕೀಗಳಲ್ಲಿ ಏಳು ಕುಲಗಳು. ಮಗು ತಾಯಿಯ ಕುಲಕ್ಕೆ ಸೇರುತ್ತಿತ್ತು. ಮನೆ, ಹೊಲ ಹೆಂಗಸರ ಕೈಯಲ್ಲಿದ್ದವು. ಪ್ರತಿ ಊರಿಗೂ ತನ್ನದೇ ಸಭೆ, ಶಾಂತಿಕಾಲಕ್ಕೆ 'ಬಿಳಿ' ಮುಖಂಡ, ಯುದ್ಧಕಾಲಕ್ಕೆ 'ಕೆಂಪು' ಮುಖಂಡ; ಬಣ್ಣ ಪದವಿಯ ಗುರುತು, ಮೈಯದಲ್ಲ. ಅಪ್ಪಣೆ ಕೊಟ್ಟು ನಡೆಸಿಕೊಳ್ಳುವ ಅಧಿಕಾರ ಅವರಿಗಿರಲಿಲ್ಲ, ಮಾತಿನಿಂದ ಒಪ್ಪಿಸಬೇಕಿತ್ತು. ನೆರೆಯ ಕ್ರೀಕ್ ಜನರೊಡನೆ ನಡೆದ 1755ರ ತಲಿವಾ ಕಾಳಗದಲ್ಲಿ ಗಂಡ ಬಿದ್ದ ಜಾಗದಲ್ಲೇ ಅವನ ಬಂದೂಕು ಎತ್ತಿಕೊಂಡು ಹೋರಾಡಿದಳೆಂದು ಹೇಳುವ ನಾನ್ಯೆಹಿ, ಅಂದರೆ ನ್ಯಾನ್ಸಿ ವಾರ್ಡ್, ಜನರ 'ಪ್ರೀತಿಯ ಮಹಿಳೆ' ಎಂಬ ಪದವಿಗೆ ಏರಿದರು. ಸಭೆಯಲ್ಲಿ ಕೂರುವ, ಸೆರೆಸಿಕ್ಕವರ ಪ್ರಾಣ ಉಳಿಸುವ ಅಧಿಕಾರ ಆ ಪದವಿಗಿತ್ತು. 1785ರಲ್ಲಿ ಹೋಪ್‌ವೆಲ್ ಒಪ್ಪಂದದ ಮಾತುಕತೆಯಲ್ಲಿ ಅವರು ಅಮೆರಿಕದ ಪ್ರತಿನಿಧಿಗಳ ಮುಂದೆ ನಿಂತು ಮಾತನಾಡಿದರು. 1817ರಲ್ಲಿ, ಮುಪ್ಪಿನಲ್ಲಿ, ಇತರ ಹೆಂಗಸರೊಡನೆ ಸೇರಿ, ಇನ್ನು ಒಂದಿಷ್ಟು ನೆಲವನ್ನೂ ಬಿಟ್ಟುಕೊಡಬೇಡಿರೆಂದು ಚೆರೋಕೀ ರಾಷ್ಟ್ರಸಭೆಗೆ ಮನವಿ ಕಳಿಸಿದರು.

ಹತ್ತು ವರ್ಷ ಕಳೆಯಿತು. 1827ರಲ್ಲಿ ಚೆರೋಕೀ ರಾಜಧಾನಿ ನ್ಯೂ ಎಕೋಟಾದಲ್ಲಿ ಅಮೆರಿಕದ ಮಾದರಿಯ ಲಿಖಿತ ಸಂವಿಧಾನ ಬಂತು. ಅದರಲ್ಲಿ ಮತ ಇದ್ದದ್ದು 18 ತುಂಬಿದ ಸ್ವತಂತ್ರ ಗಂಡಸರಿಗೆ ಮಾತ್ರ. ಕಪ್ಪು ಜನರಿಗೂ ಇಲ್ಲ, ಮನವಿ ಬರೆದ ಆ ಹೆಂಗಸರಿಗೂ ಇಲ್ಲ.

ಜಾರ್ಜಿಯಾ ರಾಜ್ಯ ಚೆರೋಕೀ ನೆಲ ಕಬಳಿಸಲು ಕಾದು ಕುಳಿತಿದ್ದಾಗ, ಬಿಳಿಯರಿಗೆ ಅರ್ಥವಾಗುವ ರೂಪದ ಸರ್ಕಾರ ಬೇಕೇ ಬೇಕಿತ್ತು ಎನ್ನುವವರಿದ್ದಾರೆ. ಬೇಕಿತ್ತು, ಒಪ್ಪುತ್ತೇನೆ, 1832ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜಾರ್ಜಿಯಾದ ಕಾನೂನು ಚೆರೋಕೀ ನೆಲದಲ್ಲಿ ನಡೆಯದೆಂದು ತೀರ್ಪು ಕೊಟ್ಟಿತು. ಆದರೆ ಅದಕ್ಕಾಗಿ ತಾಯಂದಿರನ್ನು ಸಭೆಯಿಂದ ಹೊರಗಿಡಬೇಕಿತ್ತೇ? ಅಷ್ಟು ಕೊಟ್ಟರೂ ನೆಲ ಉಳಿಯಲಿಲ್ಲ. 1835ರಲ್ಲಿ ಮುಖ್ಯಸ್ಥ ಜಾನ್ ರಾಸ್ ಅವರ ಚುನಾಯಿತ ಸರ್ಕಾರದ ಒಪ್ಪಿಗೆಯಿಲ್ಲದೆ ಕೆಲವೇ ಮಂದಿ ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿದರು. ಇಂದಿನ ಒಕ್ಲಹೋಮಕ್ಕೆ ಅಟ್ಟಿದ 1838-39ರ ಬಲವಂತದ ವಲಸೆಯಲ್ಲಿ ಸುಮಾರು 4,000 ಜೀವಗಳು ಹೋದವು. ಒಕ್ಲಹೋಮ 1907ರಲ್ಲಿ ರಾಜ್ಯವಾದ ಮೇಲಂತೂ ಮುಖ್ಯಸ್ಥರನ್ನು ನೇಮಿಸುವವರು ಅಮೆರಿಕದ ಅಧ್ಯಕ್ಷರಾದರು. ಜನರು ಮತ್ತೆ ತಾವೇ ಮುಖ್ಯಸ್ಥರನ್ನು ಆರಿಸಿದ್ದು 1971ರಲ್ಲಿ.

1983ರಲ್ಲಿ ಉಪಮುಖ್ಯಸ್ಥ ಸ್ಥಾನಕ್ಕೆ ಮ್ಯಾನ್‌ಕಿಲ್ಲರ್ ನಿಂತಾಗ, ಹೆಂಗಸು ಎಂಬ ಕಾರಣಕ್ಕೆ ಅವರ ಕಾರಿನ ಟೈರು ಕೊಯ್ದರು, ಕೊಲೆ ಬೆದರಿಕೆ ಹಾಕಿದರು. ಇದನ್ನು ಹಳೆಯ ಸಂಪ್ರದಾಯದ ಹಟ ಎಂದು ಬರೆಯುವುದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಾನ್ಯೆಹಿಯ ಜನರಿಗೆ ಆ ಹಟ ಎಲ್ಲಿಂದ ಬಂತು? ಆ ಚುನಾವಣೆಗೆ ಮೊದಲು ಮ್ಯಾನ್‌ಕಿಲ್ಲರ್ ಮಾಡಿದ ಕೆಲಸ ನೋಡಿ: ಅವರ ಮುಂದಾಳತ್ವದಲ್ಲಿ ಬೆಲ್ ಎಂಬ ಬಡ ಹಳ್ಳಿಯ ಜನರು ಸುಮಾರು 16 ಮೈಲಿ ನೀರಿನ ಪೈಪನ್ನು ತಾವೇ ಹೂತರು, ಒಂದೊಂದು ಮನೆಯವರು ಒಂದೊಂದು ಭಾಗ ಹೊತ್ತುಕೊಂಡು. ಆ ಜನ ಇದನ್ನು 'ಗಡುಗಿ' ಎನ್ನುತ್ತಾರೆ, ಎಲ್ಲರೂ ಕೂಡಿ ಮಾಡುವ ಕೆಲಸ. 1985ರಲ್ಲಿ ಅವರು ಮುಖ್ಯಸ್ಥೆಯಾದಾಗ ಜೊತೆಗೆ ತಂದದ್ದು ಆ ಹಳೆಯ ರೀತಿಯನ್ನೇ.

ಭಾಷಣ ಮುಗಿದ ಮೇಲೆ ಆ ನಾಣ್ಯವನ್ನು ಕೇಳಿ ಪಡೆದೆ. ಶಾಲು ಹೊದ್ದ ಮ್ಯಾನ್‌ಕಿಲ್ಲರ್, ಪಕ್ಕದಲ್ಲಿ ಏಳು ಮೊನೆಯ ನಕ್ಷತ್ರ, ಚೆರೋಕೀ ಲಿಪಿಯ ಒಂದು ಸಾಲು. "ಇದೇನು ಬರೆದಿದೆ?" ಎಂದು ಭಾಷಣಕಾರರೇ ನನ್ನನ್ನು ಕೇಳಿದರು. ಚೆರೋಕೀ ರಾಷ್ಟ್ರ ಎಂದೆ. ಅವರನ್ನು ದೂರಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಎಷ್ಟೋ ವರ್ಷ ನಾನೂ ತರಗತಿಯಲ್ಲಿ 1827ರಿಂದಲೇ ಪಾಠ ಆರಂಭಿಸಿ, ಅದನ್ನೇ ಪ್ರಗತಿ ಎಂದು ಕಲಿಸಿದ್ದೇನೆ. ಸೋಮವಾರದ ಪಾಠವನ್ನು 1817ರ ಆ ಮನವಿಯಿಂದ ಶುರುಮಾಡುತ್ತೇನೆ.