‘ಒಂದು ಮಗು ಇದೆಯಲ್ಲ’ ಎನ್ನುವ ವೈದ್ಯರಿಗೆ

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನಗಳಿಂದ ಯೋಚಿಸುತ್ತಿದ್ದೆ. ಬರೆಯುವ ಮುನ್ನ ನನ್ನ ಯಜಮಾನರ ಒಪ್ಪಿಗೆ ಕೇಳಿದೆ, ಏಕೆಂದರೆ ಇದರಲ್ಲಿ ಅವರ ದೇಹದ ವಿಷಯವೂ ಬರುತ್ತದೆ. "ಬರಿ, ನಮ್ಮ ಹಾಗೆ ಎರಡು ವರ್ಷ ಕಳ್ಕೊಳ್ಳೋರು ಒಬ್ಬರಾದರೂ ಕಡಿಮೆಯಾಗಲಿ" ಎಂದರು.

ನನಗೀಗ 36 ವರ್ಷ. ತುಮಕೂರಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮಗಳಿಗೆ ಆರು ತುಂಬಿ ಏಳು ನಡೆಯುತ್ತಿದೆ. ಅವಳು ಹೊಟ್ಟೆಯಲ್ಲಿ ನಿಂತದ್ದು ಮದುವೆಯಾದ ಮರುವರ್ಷವೇ, ಯಾವ ಔಷಧವೂ ಇಲ್ಲದೆ; ಹೆರಿಗೆ ಮಾತ್ರ ಸಿಸೇರಿಯನ್ ಆಯಿತು. ಅವಳಿಗೆ ಮೂರು ತುಂಬಿದಾಗ ಇನ್ನೊಂದು ಮಗು ಬೇಕೆಂದುಕೊಂಡೆವು. ಒಂದು ವರ್ಷ ಕಾದರೂ ಏನೂ ಆಗದಿದ್ದಾಗ, ನಮ್ಮೂರಿನಲ್ಲಿ ಒಳ್ಳೆಯ ಹೆಸರಿರುವ ಸ್ತ್ರೀರೋಗ ತಜ್ಞರೊಬ್ಬರ ಬಳಿ ಹೋದೆ.

ನನ್ನದು 41ನೇ ಟೋಕನ್. ಒಳಗೆ ಹೋದಾಗ ಬಾಗಿಲು ಮುಚ್ಚಲೂ ಇಲ್ಲ, ಮುಂದಿನವರು ಆಗಲೇ ಹೊಸ್ತಿಲಲ್ಲಿ ನಿಂತಿದ್ದರು. "ಮೊದಲನೇದು ತಾನಾಗೇ ಆಗಿತ್ತಲ್ವಾ? ಮತ್ತೇನು? ಒಂದು ಮಗು ಇದೆಯಲ್ಲ, ಟೆನ್ಷನ್ ಮಾಡ್ಕೋಬೇಡಿ, ಆಗುತ್ತೆ" ಎಂದು ಫೋಲಿಕ್ ಆಸಿಡ್ ಮಾತ್ರೆ ಬರೆದುಕೊಟ್ಟರು. ಆರು ತಿಂಗಳ ನಂತರ ಮತ್ತೆ ಹೋದಾಗ ಅಂಡಾಣು ಬಿಡುಗಡೆಯಾಗುವುದಕ್ಕೆಂದು ಪ್ರತಿ ತಿಂಗಳೂ ಐದು ದಿನ ನುಂಗುವ ಮಾತ್ರೆ ಕೊಟ್ಟರು. ಅದನ್ನು ಆರು ತಿಂಗಳು ನುಂಗಿದೆ. ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನೋಡಲು ಒಂದೇ ಒಂದು ಸ್ಕ್ಯಾನ್ ಕೂಡ ಮಾಡಿಸಲಿಲ್ಲ. ಯಜಮಾನರು ಪ್ರತಿ ಸಲವೂ ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಿದ್ದರು. ಅವರನ್ನು ಯಾರೂ ಒಳಗೆ ಕರೆಯಲಿಲ್ಲ. ಅವರಿಗೂ ಏನಾದರೂ ಪರೀಕ್ಷೆ ಬೇಕೇ ಎಂದು ನಾನೇ ಕೇಳಿದೆ. "ಅವರದೇನೂ ತೊಂದರೆ ಇರಲ್ಲ ಬಿಡಿ, ಮಗು ಆಗಿದೆಯಲ್ಲ" ಎಂಬ ಉತ್ತರ ಬಂತು.

ವಿಜ್ಞಾನ ಓದಿದವಳಾಗಿಯೂ ನಾನು ಆ ಉತ್ತರವನ್ನು ಒಪ್ಪಿಕೊಂಡು ಎದ್ದುಬಂದೆ. ವೈದ್ಯರ ಮಾತಿಗೆ ಎದುರಾಡಬಾರದು ಎಂಬುದು ನಮ್ಮ ಮನೆಗಳಲ್ಲಿ ಎಳವೆಯಿಂದ ಬಂದ ಪಾಠ.

ನಂತರ ನನಗೆ ಹೆಚ್‌ಎಸ್‌ಜಿ ಪರೀಕ್ಷೆ ಬರೆದರು. ಗರ್ಭನಾಳಗಳು ತೆರೆದಿವೆಯೇ ಎಂದು ತಿಳಿಯಲು ಗರ್ಭಕೋಶದೊಳಗೆ ಎಕ್ಸ್‌ರೇಯಲ್ಲಿ ಕಾಣುವಂತಹ ದ್ರವ ಬಿಟ್ಟು ಚಿತ್ರ ತೆಗೆಯುವ ಪರೀಕ್ಷೆ ಅದು. ಒಂದು ಸಿಸೇರಿಯನ್ ಆದವರಿಗೆ ಒಳಗೆ ಅಂಟುಗಟ್ಟಿರಬಹುದು, ಹೊಲಿಗೆಯ ಜಾಗದಲ್ಲಿ ಕುಳಿಯಾಗಿರಬಹುದು, ಆದ್ದರಿಂದ ಒಳಗೆ ಏನಾಗಿದೆ ಎಂದು ನೋಡುವುದು ತಪ್ಪಲ್ಲ. ಆದರೆ ನೋವಾಗುತ್ತದೆಯೇ ಎಂದು ಕೇಳಿದಾಗ "ಹೆರಿಗೆ ಆಗಿರೋರಿಗೆ ಇದೇನು ಮಹಾ" ಎಂದರು. ಆ ತಣ್ಣನೆಯ ಮೇಜಿನ ಮೇಲೆ ಮಲಗಿ, ಕಿಬ್ಬೊಟ್ಟೆಯನ್ನು ಹಿಂಡಿದಂತಹ ನೋವು ಬಂದಾಗ ನನ್ನ ಕೈ ಹಿಡಿದದ್ದು ಅಲ್ಲಿನ ಆಯಾ ಒಬ್ಬರೇ. "ಉಸಿರು ಬಿಡಮ್ಮಾ, ಜೋರಾಗಿ ಬಿಡು, ಆಯ್ತು ಆಯ್ತು" ಎನ್ನುತ್ತಿದ್ದರು. ಅವರ ಕೈಬಳೆ ನನ್ನ ಅಂಗೈಯಲ್ಲಿ ಒತ್ತಿ ಮೂಡಿಸಿದ ಗುರುತು ಮನೆಗೆ ಬರುವವರೆಗೂ ಇತ್ತು. ನಾಳಗಳು ತೆರೆದೇ ಇದ್ದವು.

ಆಗಿನ್ನೂ ಯಜಮಾನರಿಗೆ ಒಂದು ಪರೀಕ್ಷೆಯೂ ಆಗಿರಲಿಲ್ಲ. ವೀರ್ಯ ಪರೀಕ್ಷೆಯಲ್ಲಿ ಸೂಜಿ ಇಲ್ಲ, ನೋವಿಲ್ಲ, ಹೆಚ್ಚಿನ ಖರ್ಚೂ ಇಲ್ಲ. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಒಂದು ಬೆಳಿಗ್ಗೆ ಮಾದರಿ ಕೊಟ್ಟುಬಂದರೆ ಮುಗಿಯಿತು. ಮಕ್ಕಳಾಗದಿರುವುದಕ್ಕೆ ಗಂಡಸಿನ ಕಡೆಯ ಕಾರಣವೂ ಅಷ್ಟೇ ಸಾಮಾನ್ಯ ಎಂಬುದು ವೈದ್ಯರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಹೀಗಿದ್ದೂ ನೋವಿನ ಪರೀಕ್ಷೆ ಮೊದಲು ಹೆಂಗಸಿಗೆ ಬಂತು, ನೋವಿಲ್ಲದ ಪರೀಕ್ಷೆಯ ನೆನಪು ಯಾರಿಗೂ ಬರಲಿಲ್ಲ. ಈ ಸಂಗತಿಯ ಬಗ್ಗೆ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ.

ಬೆಂಗಳೂರಿಗೆ ಹೋದರೆ ಸರಿಹೋಗುತ್ತದೆ ಎಂದು ಅಲ್ಲಿನ ಒಂದು ಸಂತಾನ ಚಿಕಿತ್ಸಾ ಕೇಂದ್ರಕ್ಕೆ ಹೋದೆವು. ಅಲ್ಲಿ ನನ್ನ ಫೈಲು ಬಿಚ್ಚುವ ಮೊದಲೇ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಪ್ಯಾಕೇಜಿನ ಹಾಳೆ ಮೇಜಿನ ಮೇಲೆ ಬಂತು. ನನ್ನ ರಕ್ತದಲ್ಲಿ ಎಎಂಎಚ್ ಎಂಬ ಹಾರ್ಮೋನ್ ಕಡಿಮೆಯಿದೆ, ಸಮಯ ಇಲ್ಲ, ಈ ವಾರದೊಳಗೆ ಹಣ ಕಟ್ಟಿದರೆ ರಿಯಾಯಿತಿ ಇದೆ ಎಂದರು. ಎಎಂಎಚ್ ಅಂಡಾಶಯದಲ್ಲಿ ಉಳಿದಿರುವ ಅಂಡಾಣುಗಳ ಸಂಗ್ರಹದ ಅಂದಾಜು ಕೊಡುತ್ತದೆ, ತಾನಾಗಿ ಗರ್ಭ ನಿಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಅದೊಂದರಿಂದಲೇ ಹೇಳಲಾಗದು ಎಂದು ನನಗೆ ತಿಳಿದದ್ದು ಆಮೇಲೆ. ಯಶಸ್ಸಿನ ಸಾಧ್ಯತೆ, ಖರ್ಚು, ಅಡ್ಡಪರಿಣಾಮ, ಅವಳಿ ಗರ್ಭದ ಅಪಾಯ ಇವೆಲ್ಲವನ್ನೂ ದಂಪತಿಗೆ ವಿವರಿಸಿ ಆಪ್ತ ಸಮಾಲೋಚನೆ ನಡೆಸುವುದು 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯ ಪ್ರಕಾರ ಇಂತಹ ಕೇಂದ್ರಗಳ ಕರ್ತವ್ಯ. ನಮಗೆ ಅಲ್ಲಿ ದೊರೆತದ್ದು ಬೆಲೆಪಟ್ಟಿ ಮಾತ್ರ. ವಾಪಸ್ಸು ಬರುವಾಗ ದಾಬಸ್‌ಪೇಟೆ ದಾಟುವವರೆಗೂ ನಾವಿಬ್ಬರೂ ಮಾತನಾಡಲಿಲ್ಲ.

ಹೊರಗಿನವರ ಮಾತುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ‘ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ’ ಎಂದು ನೆನಪಿಸುವವರು ಎಲ್ಲರ ಬಂಧುಬಳಗದಲ್ಲೂ ಇರುತ್ತಾರೆ. ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಹರಕೆ ಹೊತ್ತುಕೊಳ್ಳಿ ಎಂದ ನಮ್ಮ ಅತ್ತೆಯ ಮೇಲೆ ನನಗೆ ಬೇಸರವಿಲ್ಲ. ನಾವು ಹೋಗಿಬಂದೆವು, ಅಲ್ಲಿ ಇತರರು ಅರ್ಪಿಸಿದ್ದ ತೊಟ್ಟಿಲುಗಳನ್ನು ನೋಡಿದಾಗ ಇಷ್ಟು ಜನ ನಮ್ಮ ಹಾಗೆಯೇ ಇದ್ದಾರಲ್ಲ ಎಂದು ಮನಸ್ಸು ಹಗುರವಾಯಿತು. ಕಷ್ಟವಾದದ್ದು ಬೇರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಲ್ಲಿ ಕರ್ನಾಟಕದ ಒಟ್ಟು ಫಲವತ್ತತೆ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕ, 1.7ಕ್ಕೆ ಇಳಿದಿದೆ, ಒಂದೇ ಮಗುವಿನ ಮನೆ ಈಗ ಸಹಜವಾಗಿದೆ, ಹಾಗಾಗಿ ನೋಡಿದವರೆಲ್ಲ ಇದನ್ನು ನಮ್ಮ ಆಯ್ಕೆ ಎಂದೇ ತಿಳಿದು ‘ಜಾಣರು ನೀವು’ ಎನ್ನುತ್ತಾರೆ. ಮಕ್ಕಳೇ ಇಲ್ಲದ ಗೆಳತಿಯ ಮುಂದೆ ನನ್ನ ದುಃಖ ಹೇಳಿಕೊಳ್ಳಲು ನನಗೇ ಬಾಯಿ ಬರುವುದಿಲ್ಲ. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ತಲೆ ಬಾಚುವಾಗ, ಇವಳು ಸಾಲದು ಎಂದು ನಾನು ಹೇಳಿದ ಹಾಗಾಯಿತೇ ಎಂದು ಎಷ್ಟೋ ಸಲ ಕೈ ತಡೆದಿದೆ. ಅವಳು ಸಾಲದು ಎಂದಲ್ಲ. ಅವಳ ಜೊತೆಗೆ ಇನ್ನೊಬ್ಬರು ಇರಲಿ ಎಂಬ ಆಸೆ ಅದು, ಆ ಆಸೆಗೆ ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ ಎಂದು ನಾನು ಈಗೀಗ ಕಲಿಯುತ್ತಿದ್ದೇನೆ.

ಆರು ತಿಂಗಳ ಹಿಂದೆ ಸಹೋದ್ಯೋಗಿಯೊಬ್ಬರು ಹೇಳಿದರೆಂದು ಮೂರನೆಯ ವೈದ್ಯರ ಬಳಿ ಹೋದೆವು. ಅದಕ್ಕಾಗಿ ಹಳೆಯ ದಾಖಲೆ ಕೇಳಿದಾಗ ಮೊದಲ ಆಸ್ಪತ್ರೆಯವರು ಮೂರು ಸಲ ಅಲೆದಾಡಿಸಿದರು. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲೇ ಇದೆ ಎಂದು ಅರ್ಜಿಯಲ್ಲಿ ಬರೆದುಕೊಟ್ಟ ಮೇಲೆ ಮರುದಿನವೇ ಸಿಕ್ಕಿತು. ಈ ಹೊಸ ವೈದ್ಯರು ಯಜಮಾನರಿಗೂ ಕುರ್ಚಿ ತೋರಿಸಿ, ಮೊದಲ ಪ್ರಶ್ನೆಯನ್ನು ಅವರಿಗೇ ಕೇಳಿದರು. ವಾರದೊಳಗೆ ವರದಿ ಬಂತು. ಪ್ರತಿ ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣು ಕನಿಷ್ಠ ಮಟ್ಟ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಹೇಳುತ್ತದೆ. ಇವರದು 90 ಲಕ್ಷ ಇತ್ತು, ಚಲನೆಯೂ ಕಡಿಮೆ. ಕಾರಣ ವೆರಿಕೋಸಿಲ್, ಅಂದರೆ ವೃಷಣದ ಸುತ್ತಲಿನ ರಕ್ತನಾಳಗಳು ಊದಿಕೊಂಡಿರುವುದು. ಇದು ವರ್ಷ ಕಳೆದಂತೆ ವೀರ್ಯದ ಗುಣವನ್ನು ಕೆಡಿಸುತ್ತಾ ಹೋಗಬಹುದು, ಹಾಗಾಗಿ ಒಂದು ಮಗುವಿಗೆ ತಂದೆಯಾದವರಲ್ಲೂ ಕಾಣಿಸಿಕೊಳ್ಳುತ್ತದೆ. ‘ಮಗು ಆಗಿದೆಯಲ್ಲ’ ಎಂಬ ಮಾತಿನ ತಪ್ಪು ಇಲ್ಲಿಯೇ ಇರುವುದು. ಏಳು ವರ್ಷದ ಹಿಂದಿನ ದೇಹದ ಸಾಕ್ಷಿಯನ್ನು ಇಂದಿನ ದೇಹಕ್ಕೆ ಹಚ್ಚಲಾಗದು.

ದಿನಕ್ಕೆ ಅರವತ್ತು ಜನರನ್ನು ನೋಡುವ ವೈದ್ಯರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ‘ನಿಮ್ಮ ಯಜಮಾನರನ್ನೂ ಕರೆಯಿರಿ’ ಎಂದು ಹೇಳುವುದಕ್ಕೆ ‘ಟೆನ್ಷನ್ ಮಾಡ್ಕೋಬೇಡಿ’ ಎನ್ನುವುದಕ್ಕಿಂತ ಹೆಚ್ಚು ಹೊತ್ತು ಬೇಕಾಗಿಲ್ಲ. ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ, 35 ದಾಟಿದವರಾದರೆ ಆರೇ ತಿಂಗಳಿಗೆ, ಇಬ್ಬರನ್ನೂ ಒಟ್ಟಿಗೆ ಪರೀಕ್ಷಿಸಬೇಕು ಎಂಬ ನಿಯಮ ಎರಡನೆಯ ಮಗುವಿಗೂ ಅನ್ವಯಿಸುತ್ತದೆ. ಇದನ್ನು ಓದುತ್ತಿರುವ ಅಕ್ಕತಂಗಿಯರಲ್ಲಿ ಯಾರಾದರೂ ಫೈಲು ಹಿಡಿದು ಟೋಕನ್ನಿಗೆ ಕಾಯುತ್ತಿದ್ದರೆ, ದಯವಿಟ್ಟು ಒಬ್ಬರೇ ಒಳಗೆ ಹೋಗಬೇಡಿ.

ನಾಲ್ಕು ತಿಂಗಳ ಹಿಂದೆ ಯಜಮಾನರಿಗೆ ಸಣ್ಣ ಶಸ್ತ್ರಚಿಕಿತ್ಸೆಯಾಯಿತು. ವೀರ್ಯಾಣು ಹೊಸದಾಗಿ ತಯಾರಾಗಲು ಎರಡೂವರೆ ತಿಂಗಳಾದರೂ ಬೇಕು, ಆದ್ದರಿಂದ ಅವಸರ ಬೇಡ ಎಂದಿದ್ದ ವೈದ್ಯರು ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟಿದ್ದಾರೆ: ಸಂಖ್ಯೆ ಏರಿದ್ದರೆ ಆರು ತಿಂಗಳು ಕಾಯುವುದು, ಏರದಿದ್ದರೆ ಮುಂದಿನ ದಾರಿಯನ್ನು ಮೂವರೂ ಕುಳಿತು ಮಾತನಾಡುವುದು. ಆ ಚೀಟಿಯನ್ನು ಫೈಲಿನ ಮೊದಲ ಪುಟಕ್ಕೆ ಪಿನ್ ಮಾಡಿದ್ದೇನೆ. ಬರುವ ಸೋಮವಾರ ಮರುಪರೀಕ್ಷೆ. ಶಾಲೆಗೆ ಅರ್ಧ ದಿನ ರಜೆ ಹಾಕಿದ್ದೇನೆ, ಅವರೂ ಹಾಕಿದ್ದಾರೆ.