ಹಣ್ಣು ಮಾತ್ರ ಕೆಂಪು

ಬೆಳಗ್ಗೆಯಿಂದ ಒಂದೇ ಫೋಟೊ ನೋಡುತ್ತಾ ಕೂತಿದ್ದೇನೆ. ಸಿಟ್ಟು ಇಳಿಯುತ್ತಿಲ್ಲ.

ಕಳೆದ ಭಾನುವಾರ ಏಳು ಗಂಟೆಗೆ ನಮ್ಮ ತೋಟದಲ್ಲಿ ನಾನೇ ತೆಗೆದದ್ದು. ಡಿಸೆಂಬರಿನ ಮಂಜು ಸಿಲ್ವರ್ ಓಕ್ ಮರಗಳ ಅರ್ಧದವರೆಗೆ ಇಳಿದಿತ್ತು. ಅತ್ತಿಗೆ ಸೀರೆಯ ಮೇಲೆ ಅಣ್ಣನ ಹಳೆಯ ನೀಲಿ ಶರ್ಟು ತೊಟ್ಟು, ತಲೆಗೆ ಹಳದಿ ವಸ್ತ್ರ ಕಟ್ಟಿ, ಅರೇಬಿಕಾ ಕಾಫಿ ಗಿಡದ ಕೊಂಬೆಯೊಂದನ್ನು ಬಗ್ಗಿಸಿ ಹಿಡಿದಿದ್ದರು. ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಸಂಜೆಯೊಳಗೆ ಚಿಕ್ಕಪ್ಪನ ಮಗ ಅದನ್ನು ತಿದ್ದಿ ಮರಳಿ ಕಳಿಸಿದ. ಹಣ್ಣು ಮಾತ್ರ ಕೆಂಪು, ಉಳಿದದ್ದೆಲ್ಲ ಬೂದಿ. ಎಲ್ಲರೂ ಮೆಚ್ಚಿದರು. ಅತ್ತಿಗೆಯಂತೂ ಮೊಬೈಲ್ ಪರದೆಗೇ ಹಾಕಿಕೊಂಡಿದ್ದಾರೆ. ಅವರ ಖುಷಿ ಕೆಡಿಸಲು ಮನಸ್ಸು ಬಾರದೆ ಇಲ್ಲಿ ಬರೆಯುತ್ತಿದ್ದೇನೆ.

ಕಾಫಿ ಕೊಯ್ಯುವವರಿಗೆ ಬಣ್ಣ ನೋಡುವುದೇ ಕೆಲಸ. ಒಂದೇ ಗೊಂಚಲಿನಲ್ಲಿ ಹಸಿರು ಕಾಯಿ, ಹಳದಿಗೆ ತಿರುಗಿದ್ದು, ಕೆಂಪು ಹಣ್ಣು ಒಟ್ಟಿಗೇ ಇರುತ್ತವೆ. ಹಣ್ಣನ್ನು ಬಿಡಿಸಿ, ಕಾಯಿಯನ್ನು ಗಿಡದಲ್ಲೇ ಬಿಟ್ಟು, ಕೆಲವು ದಿನಗಳ ನಂತರ ಅದೇ ಗಿಡಕ್ಕೆ ಮತ್ತೆ ಬರಬೇಕು. ಕಾಯಿ ಬೆರೆತರೆ ಹಣ್ಣು ಸುಲಿಯುವ ಯಂತ್ರವಾದ ಪಲ್ಪರಿನಲ್ಲಿ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ, ರುಚಿಯೂ ಒಗರಾಗುತ್ತದೆ. ನನ್ನ ಫೋಟೊದಲ್ಲಿ ಅತ್ತಿಗೆಯ ಹೆಬ್ಬೆರಳು ಒಂದು ಹಸಿರು ಕಾಯಿಯನ್ನು ದಾಟಿ ಹಣ್ಣಿನತ್ತ ಹೋಗುತ್ತಿತ್ತು. ನಾನು ಕ್ಯಾಮೆರಾ ಎತ್ತಿದ್ದೇ ಅದಕ್ಕಾಗಿ. ಹಸಿರು ಬೂದಿಯಾದ ಮೇಲೆ ಆ ಬೆರಳು ದಾಟಿದ್ದು ಏನನ್ನು?

ಹೇಗೂ ಮಂಜು ಕವಿದಿತ್ತು, ಬಣ್ಣವೆಲ್ಲಿತ್ತು ಎಂದು ಚಿಕ್ಕಪ್ಪನ ಮಗ ಕೇಳಿದ. ಇತ್ತು! ನೆರಳಿನ ಮಗ್ಗುಲಲ್ಲಿ ಮಂಜು ತೆಳು ನೀಲಿ, ಬಿಸಿಲು ತಾಗಿದಲ್ಲಿ ಬೆಲ್ಲದ ಬಣ್ಣ. ಚೌಕಟ್ಟಿನ ತುಂಬ ಬಿಳಿ ಕಂಡರೆ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ಲೆಕ್ಕ ಹಾಕಿ ಚಿತ್ರವನ್ನು ಮಂಕಾಗಿಸುತ್ತದೆ. ಹಾಗಾಗಬಾರದೆಂದು ಬೆಳಕನ್ನು ತುಸು ಏರಿಸಿಯೇ ತೆಗೆದಿದ್ದೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತಿದೆ. ಕೆಂಪನ್ನು ಮಾತ್ರ ಉಳಿಸಿಕೊ ಎಂದರೆ ಆ್ಯಪ್ ಹಣ್ಣನ್ನಷ್ಟೇ ಉಳಿಸುವುದಿಲ್ಲ. ತುಟಿ, ಕೆನ್ನೆ, ಚಳಿಗೆ ಕೆಂಪೇರಿದ ಬೆರಳ ತುದಿಗಳೂ ಉಳಿಯುತ್ತವೆ, ಏಕೆಂದರೆ ಮನುಷ್ಯರ ಚರ್ಮದಲ್ಲಿಯೂ ಕೆಂಪಿದೆ. ಅದನ್ನೆಲ್ಲ ಅವನು ಪರದೆ ಹಿಗ್ಗಿಸಿ ಬೆರಳಿನಿಂದ ಉಜ್ಜಿ ಉಜ್ಜಿ ಅಳಿಸಿದನಂತೆ. ಎರಡು ಗಂಟೆ ಹಿಡಿಯಿತಂತೆ. ಎರಡು ಗಂಟೆ ಕೂತು ಅತ್ತಿಗೆಯ ಮುಖದ ರಕ್ತ ತೆಗೆದಿದ್ದಾನೆ.

ಪೂರ್ತಿ ಕಪ್ಪು ಬಿಳುಪು ಮಾಡಿದ್ದರೆ ನಾನು ಚಕಾರ ಎತ್ತುತ್ತಿರಲಿಲ್ಲ. ಅಲ್ಲಿ ಹಣ್ಣಿಗೂ ಮನುಷ್ಯರಿಗೂ ಒಂದೇ ನ್ಯಾಯ.

ಹಿಂದೆ ಸ್ಟುಡಿಯೊದವರೂ ಹೀಗೇ ಮಾಡುತ್ತಿರಲಿಲ್ಲವೆ, ಅಜ್ಜ ಅಜ್ಜಿಯ ಮದುವೆ ಫೋಟೊದಲ್ಲಿ ಸೀರೆಯ ಅಂಚಿಗಷ್ಟೇ ಬಣ್ಣವಿಲ್ಲವೆ ಎಂದು ಚಿಕ್ಕಪ್ಪ ಮಗನ ಪರ ವಾದಿಸಿದರು. ಇದೆ, ಒಪ್ಪುತ್ತೇನೆ. ಆದರೆ ಆಗಿನ ಕಪ್ಪು ಬಿಳುಪು ಫಿಲ್ಮು ಬಣ್ಣ ಹಿಡಿಯುತ್ತಿರಲಿಲ್ಲ. ಕುಂಚ ಹಿಡಿದವನು ಇಲ್ಲದ ಬಣ್ಣವನ್ನು ತುಂಬಿ ಕೊಡುತ್ತಿದ್ದ. ಇಲ್ಲಿ ಕ್ಯಾಮೆರಾ ಕೊಟ್ಟದ್ದನ್ನೇ ಕಿತ್ತುಕೊಳ್ಳಲಾಗಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಚಿಕ್ಕಪ್ಪ.

ಯಾರಿಗೂ ಹೇಳದಿದ್ದ ಮಾತೊಂದಿದೆ. 2013ರ ಜನವರಿಯಲ್ಲಿ ನಾನೂ ಇದನ್ನೇ ಮಾಡಿದ್ದೇನೆ. ಅಜ್ಜಿ ಬಚ್ಚಲ ಒಲೆಯ ಮುಂದೆ ಕೂತು ಕೈ ಕಾಯಿಸಿಕೊಳ್ಳುತ್ತಿದ್ದ ಫೋಟೊ. ಬೆಂಕಿಯನ್ನು ಮಾತ್ರ ಕಿತ್ತಳೆಯಾಗಿ ಉಳಿಸಿ, ಮೂಲದ ಮೇಲೆಯೇ ಸೇವ್ ಮಾಡಿಬಿಟ್ಟೆ. ಮಾರ್ಚಿನಲ್ಲಿ ಅಜ್ಜಿ ತೀರಿಕೊಂಡರು. ಅವರ ಸ್ವೆಟರು ಹಸಿರು ಎಂದು ದೊಡ್ಡಮ್ಮ, ಅಲ್ಲ ಮರೂನ್ ಎಂದು ಅಮ್ಮ. ಅಂಥ ಹಸಿರೂ ಮರೂನೂ ಬೂದಿಯಾದಾಗ ಒಂದೇ ಥರ ಕಾಣುತ್ತವೆ, ಎಷ್ಟು ದಿಟ್ಟಿಸಿದರೂ ಗೊತ್ತಾಗುವುದಿಲ್ಲ. ಎದುರಿಗೇ ನಿಂತು ಫೋಟೊ ತೆಗೆದ ನನಗೂ ನೆನಪಿಲ್ಲ.

ಅತ್ತಿಗೆಯ ಮೂಲ ಫೋಟೊವನ್ನು ಇವತ್ತು ಪೇಟೆಗೆ ಹೋಗಿ ಪ್ರಿಂಟ್ ಹಾಕಿಸಿ ತಂದೆ. ಹಿಂಬದಿಯಲ್ಲಿ ಪೆನ್ನಿನಿಂದ ಬರೆದಿಟ್ಟಿದ್ದೇನೆ: ಶರ್ಟು ನೀಲಿ, ವಸ್ತ್ರ ಹಳದಿ.